ಕೂಗಳತೆ

ನಮ್ಮ ಕಡೆ ದೂರ ಹೇಳೋಕೆ ಒಂದು ಹಳೇ ಅಳತೆ ಇದೆ, ಕೂಗಳತೆ. "ಹೊಲ ಎಷ್ಟ್ ದೂರ?" ಅಂತ ಕೇಳಿದ್ರೆ "ಇಲ್ಲೇ, ಒಂದ್ ಕೂಗಳತಿ" ಅಂತಾರೆ. ಇಲ್ಲಿ ನಿಂತು ಕೂಗಿದರೆ ಅಲ್ಲಿರೋನಿಗೆ ಕೇಳಬೇಕು, ಅಷ್ಟು ದೂರ. ಎಷ್ಟು ಮೀಟರ್ ಅಂತ ಕೇಳಿದ್ರೆ ಯಾರೂ ಹೇಳಲ್ಲ. ಯಾಕಂದ್ರೆ ಹಗಲಿನ ಕೂಗಳತೆ ಬೇರೆ, ರಾತ್ರಿಯದು ಬೇರೆ. ಪಕ್ಕದಲ್ಲಿ ಡೀಸೆಲ್ ಇಂಜಿನ್ ಓಡ್ತಿದ್ರೆ ಇನ್ನೂ ಬೇರೆ. ಬೆಂಗಳೂರಿನಲ್ಲಿ ಹನ್ನೆರಡು ವರ್ಷ ಸಾಫ್ಟ್‌ವೇರ್ ಬರೆದ ಮೇಲೆ ಈ ಅಳತೆ ಎಷ್ಟು ಸರಿಯಾಗಿದೆ ಅನ್ನೋದನ್ನ ನನಗೆ ಕಲಿಸಿದ್ದು ಒಂದು ಆಟಿಕೆ ಕಾರು.

ಹೋದ ಸಲ ಮೈಲಾರ ಜಾತ್ರೆಗೆ ಅಂತ ಹೂವಿನಹಡಗಲಿ ಕಡೆ ನಮ್ಮ ಊರಿಗೆ ಹೋಗಿದ್ದೆ. ಅಕ್ಕನ ಮಗನಿಗೆ ಹನ್ನೆರಡು ವರ್ಷ. ಪ್ಲೈವುಡ್ ತುಂಡಿನ ಮೇಲೆ ನಾಲ್ಕು ಹಳದಿ ಗೇರ್ ಮೋಟಾರು, ಒಂದು ಆರ್ಡುಯಿನೋ ಬೋರ್ಡು, ಎನ್‌ಆರ್‌ಎಫ್24 ಅನ್ನೋ ಪುಟ್ಟ ವೈರ್‌ಲೆಸ್ ಮಾಡ್ಯೂಲು ಕೂಡಿಸಿ ತಾನೇ ಒಂದು ರಿಮೋಟ್ ಕಾರು ಮಾಡಿದ್ದ. ಬ್ಯಾಟರಿಗಳನ್ನ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದ. ಕಣದಲ್ಲಿ ಬಿಟ್ಟ. ಇಪ್ಪತ್ತೈದು ಹೆಜ್ಜೆ ಚೆನ್ನಾಗಿ ಹೋಯ್ತು. ಆಮೇಲೆ ನಿಂತೇಬಿಡ್ತು. ಇವನು ಓಡಿ ಹತ್ತಿರ ಹೋದರೆ ಮತ್ತೆ ಹೊರಡ್ತದೆ, ದೂರ ಸರಿದರೆ ನಿಲ್ತದೆ.

"ಮಾಮ, ನೀನು ಇಂಜಿನಿಯರ್ ಅದಿಯಲ್ಲ, ಇದು ಅಜ್ಜನ ಹೊಲದ ತನಕ ಹೋಗಂಗ ಮಾಡು."

ಅಜ್ಜನ ಹೊಲ ಅಂದದ್ದು ಸುಮ್ಮನೆ ಅಲ್ಲ. ಮನೆಯಿಂದ ಹೊಲಕ್ಕೆ ಆರುನೂರು ಮೀಟರ್. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಯಾವಾಗ ಬರ್ತದೋ ನಂಬೋ ಹಾಗಿಲ್ಲ. ಅಪ್ಪ ರಾತ್ರಿ ಎರಡು ಮೂರು ಸಲ ಎದ್ದು, ಟಾರ್ಚ್ ಹಿಡಿದು, ಬಂತೋ ಇಲ್ಲವೋ ನೋಡಿಬರ್ತಾನೆ. ಹಿಂದಿನ ಮಳೆಗಾಲದಲ್ಲಿ ಬದುವಿನ ಮೇಲೆ ಹಾವು ತುಳಿದು, ಅದು ಕಚ್ಚದೇ ಹೋದದ್ದು ಪುಣ್ಯ. ಮೊಬೈಲ್ ಸಿಮ್ ಹಾಕೋ ಸ್ಟಾರ್ಟರ್ ಹಾಕಿಸಿದ್ವಿ. ಹೊಲ ತಗ್ಗಿನಲ್ಲಿದೆ, ಅಲ್ಲಿ ಸಿಗ್ನಲ್ ಒಂದು ಕಡ್ಡಿ ಬಂದರೆ ಹಬ್ಬ. ಹುಡುಗನಿಗೆ ಇದೆಲ್ಲ ಗೊತ್ತು. ಅವನ ಕಾರು ಆಟಕ್ಕೆ ಶುರುವಾಗಿದ್ದರೂ ಮನಸ್ಸಿನಲ್ಲಿ ಇದ್ದದ್ದು ಅಜ್ಜನ ಮೋಟಾರು.

ನಾನು ಮಾಡಿದ್ದು ನೀವೂ ಮಾಡ್ತಿದ್ದ ಕೆಲಸವನ್ನೇ. ಬೆಂಗಳೂರಿಗೆ ವಾಪಸ್ ಬಂದವನೇ ಪವರ್ ಜಾಸ್ತಿ ಇರೋ ಮಾಡ್ಯೂಲ್ ತರಿಸಿ ಕೊರಿಯರ್ ಮಾಡಿದೆ. ಮೊದಲಿನದು 1 ಮಿಲಿವ್ಯಾಟ್, ಇದು 100 ಮಿಲಿವ್ಯಾಟ್. ಪ್ಯಾಕೆಟ್ ಮೇಲೆ ಒಂದು ಕಿಲೋಮೀಟರ್ ಅಂತ ಬರೆದಿತ್ತು. ಎರಡು ದಿನ ಬಿಟ್ಟು ಫೋನ್ ಬಂತು. "ಮಾಮ, ಇದು ಹದಿನೈದು ಹೆಜ್ಜಿಗೇ ನಿಂತ್ಬಿಡ್ತೈತಿ. ಮೊದಲಿಂದೇ ಚಲೋ ಇತ್ತು."

ಸೋತ ಮೇಲೆ ಪುಸ್ತಕ ತೆಗೆಯೋದು ಇಂಜಿನಿಯರುಗಳ ಗುಣ. ಹುಡುಕ್ತಾ ಹೋದಾಗ ಗೊತ್ತಾಯ್ತು, ಇಪ್ಪತ್ತೈದು ಹೆಜ್ಜೆಗೆ ನಿಂತ ಮೊದಲ ಗಾಡಿ ನಮ್ಮದಲ್ಲ. 1904ರಲ್ಲಿ ಮ್ಯಾಡ್ರಿಡ್‌ನಲ್ಲಿ ಲಿಯೊನಾರ್ಡೊ ಟೊರೆಸ್ ಕ್ವೆವೆಡೊ ಅನ್ನೋ ಸ್ಪೇನ್ ದೇಶದ ಇಂಜಿನಿಯರು ಒಂದು ಮೂರು ಗಾಲಿಯ ಗಾಡಿಯನ್ನ ರೇಡಿಯೋ ಅಲೆಯಿಂದ ಓಡಿಸಿ ನೋಡಿದ. ನೆಲದ ಮೇಲೆ ರೇಡಿಯೋದಿಂದ ಓಡಿದ ಗಾಡಿಗಳಲ್ಲಿ ನಮಗೆ ಗೊತ್ತಿರೋ ಮೊದಲನೆಯದು ಅದು. ಅದು ಮಾತು ಕೇಳಿದ ದೂರ 20ರಿಂದ 30 ಮೀಟರ್! ಎರಡೇ ವರ್ಷಕ್ಕೆ, 1906ರಲ್ಲಿ, ಬಿಲ್ಬಾವೊ ಬಂದರಿನಲ್ಲಿ ಸ್ಪೇನಿನ ರಾಜನ ಎದುರಿಗೆ ಅದೇ ಮನುಷ್ಯ ದಡದಲ್ಲಿ ನಿಂತು ದೋಣಿಯೊಂದನ್ನ ನಡೆಸಿದ. ಆಗ ಎರಡು ಕಿಲೋಮೀಟರಿಗೂ ಹೆಚ್ಚು ದೂರ ಸಿಕ್ಕಿತ್ತು. ತನ್ನ ಯಂತ್ರಕ್ಕೆ ಅವನಿಟ್ಟ ಹೆಸರು ಟೆಲೆಕಿನೊ.

ದೋಣಿ ಅಂದಾಗ ಅದಕ್ಕೂ ಹಿಂದಿನ ಟೆಸ್ಲಾನ ದೋಣಿ ನೆನಪಾಗಬೇಕು. ವಿಜಯನಗರದ ಕಾಲದಲ್ಲಿ ಹಂಪಿಗೆ ಹೂವು ತುಂಬಿ ತುಂಗಭದ್ರೆಯಲ್ಲಿ ಹಡಗು ಬಿಡ್ತಿದ್ರು, ಅದಕ್ಕೇ ನಮ್ಮ ಊರಿಗೆ ಹೂವಿನಹಡಗಲಿ ಅಂತ ಹೆಸರು ಬಂತು ಅಂತ ನಮ್ಮ ಕಡೆ ಹೇಳ್ತಾರೆ. ಆ ಹಡಗುಗಳನ್ನ ನಡೆಸೋಕೆ ಅಂಬಿಗ ಬೇಕಿತ್ತು. ಅಂಬಿಗನಿಲ್ಲದ ದೋಣಿಯನ್ನ ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ, ನೀರಿನ ತೊಟ್ಟಿಯೊಳಗೆ ಬಿಟ್ಟು ತೋರಿಸಿದ. ಅದೇ ವರ್ಷ ನವೆಂಬರ್ 8ಕ್ಕೆ ಸಿಕ್ಕ ಪೇಟೆಂಟಿನ ನಂಬರ್ 613809. ಇವತ್ತಿನ ಡ್ರೋನು, ಗೇಟಿನ ರಿಮೋಟು, ನಮ್ಮ ಹುಡುಗನ ಕಾರು ಎಲ್ಲದರ ಮೂಲಪುರುಷ ಆ ದೋಣಿ.

ಆ ದೋಣಿಯ ಕಿವಿ ಹೇಗಿತ್ತು ಗೊತ್ತಾ? ಲೋಹದ ಪುಡಿ ತುಂಬಿದ ಒಂದು ಪುಟ್ಟ ಡಬ್ಬಿ. ರೇಡಿಯೋ ಅಲೆ ಬಡಿದಾಗ ಪುಡಿ ಒಂದಕ್ಕೊಂದು ಅಂಟಿಕೊಂಡು ಕರೆಂಟು ಹರಿಯೋಕೆ ಬಿಡ್ತಿತ್ತು. ಇನ್ನೊಂದು ಸಂದೇಶ ಕೇಳಬೇಕು ಅಂದ್ರೆ ಡಬ್ಬಿಯನ್ನ ಬೋರಲು ಹಾಕಿ ಪುಡಿ ಉದುರಿಸಬೇಕು. ಟೆಸ್ಲಾ ಅದಕ್ಕೂ ಒಂದು ಯಂತ್ರ ಇಟ್ಟಿದ್ದ. ಈ ತರದ ಕಿವಿಗೆ ದೊಡ್ಡ ತೊಂದರೆ ಒಂದಿತ್ತು. ಮಾತಿಗೂ ಗದ್ದಲಕ್ಕೂ ಅದಕ್ಕೆ ವ್ಯತ್ಯಾಸ ತಿಳೀತಿರಲಿಲ್ಲ. ಆಕಾಶದಲ್ಲಿ ಮಿಂಚು ಹೊಡೆದರೂ ಪುಡಿ ಅಂಟಿಕೊಳ್ತಿತ್ತು.

ನಮ್ಮ ದೇಶದಲ್ಲಿ ಜಗದೀಶಚಂದ್ರ ಬೋಸ್ 1895ರಲ್ಲೇ ಕಲ್ಕತ್ತದಲ್ಲಿ ರೇಡಿಯೋ ಅಲೆಯನ್ನ ಗೋಡೆ ದಾಟಿಸಿ, ಸುಮಾರು 75 ಅಡಿ ದೂರದಲ್ಲಿ ಗಂಟೆ ಬಾರಿಸಿ, ಮದ್ದಿಗೆ ಬೆಂಕಿ ಹತ್ತಿಸಿ ತೋರಿಸಿದ್ದರು. ದೂರದಿಂದ ಒಂದು ವಸ್ತುವಿಗೆ ಕೆಲಸ ಹೇಳೋದು ಅಂದ್ರೆ ಅದೇ ಅಲ್ಲವೇ? ಆಮೇಲೆ ಅವರ ಗಮನ ಹರಿದದ್ದು ಕಿವಿಯ ಕಡೆಗೆ. 1904ರಲ್ಲಿ ಅವರಿಗೆ ಸಿಕ್ಕ ಅಮೆರಿಕದ ಪೇಟೆಂಟು ಗೆಲೀನಾ ಅನ್ನೋ ಸೀಸದ ಅದುರಿನ ಹರಳಿಂದ ಅಲೆ ಹಿಡಿಯೋ ಉಪಕರಣದ್ದು. ಇವತ್ತಿನ ಸೆಮಿಕಂಡಕ್ಟರ್ ಮಾಡೋ ಕೆಲಸವನ್ನ ಆ ಹರಳು ಆಗಲೇ ಮಾಡ್ತಿತ್ತು.

ಮಾರ್ಕೋನಿಯ ದಾರಿ ಬೇರೆ. ಅವನು ದೊಡ್ಡದಾಗಿ ಕೂಗೋನು, ಜೊತೆಗೆ ಎತ್ತರಕ್ಕೂ ಏರೋನು. 1901ರ ಡಿಸೆಂಬರ್ 12ರಂದು ಅಟ್ಲಾಂಟಿಕ್ ಆಚೆಯಿಂದ ಬಂದ ಮೂರು ಚುಕ್ಕಿಯ ಸಂಕೇತ ಕೇಳಿಸಿತು ಅಂತ ಅವನು ಹೇಳಿದಾಗ, ಅವನ ಆಂಟೆನಾ ತಂತಿಯನ್ನ ಎತ್ತಿ ಹಿಡಿದಿದ್ದದ್ದು ಗಾಳಿಪಟ. ಗೋಪುರ ಕಟ್ಟೋಕೆ ಪುರುಸೊತ್ತಿಲ್ಲ ಅಂತ ಗಾಳಿಪಟಕ್ಕೆ ತಂತಿ ಕಟ್ಟಿ ಬಿಟ್ಟಿದ್ದ.

ಗಾಳಿಪಟ ಯಾಕೆ ಮುಖ್ಯ ಅನ್ನೋದಕ್ಕೆ ಸ್ವಲ್ಪ ಲೆಕ್ಕ ಬೇಕು, ಹೆದರಬೇಡಿ. ಅಡ್ಡ ಏನೂ ಇಲ್ಲದ ಆಕಾಶದಲ್ಲಿ ದೂರ ಎರಡು ಪಟ್ಟಾದರೆ ಸಿಗ್ನಲ್ ಕಾಲು ಭಾಗಕ್ಕೆ ಇಳೀತದೆ. ಬೆಲ್ ಲ್ಯಾಬ್ಸಿನ ಹೆರಾಲ್ಡ್ ಫ್ರೀಸ್ 1946ರಲ್ಲಿ ಪ್ರಕಟಿಸಿದ ಸೂತ್ರ ಹೇಳೋದು ಇದನ್ನೇ. ಆದರೆ ಕಾರು ಓಡೋದು ನೆಲದ ಮೇಲೆ. ನೇರವಾಗಿ ಬಂದ ಅಲೆ, ನೆಲಕ್ಕೆ ಬಡಿದು ಬಂದ ಅಲೆ ಎರಡೂ ಸೇರಿ ಒಂದನ್ನೊಂದು ಹೊಡೆದುಹಾಕ್ತವೆ. ಅಲ್ಲಿ ದೂರ ಎರಡು ಪಟ್ಟಾದರೆ ಸಿಗ್ನಲ್ ಹದಿನಾರನೇ ಒಂದು ಭಾಗಕ್ಕೆ ಬೀಳ್ತದೆ. ಅಂದ್ರೆ ನಾನು ಕಳಿಸಿದ ನೂರು ಪಟ್ಟು ಪವರಿನ ಮಾಡ್ಯೂಲು, ಎಲ್ಲ ಸರಿಯಿದ್ದರೂ, ನೆಲದ ಮೇಲೆ ಕೊಡ್ತಿದ್ದದ್ದು ಮೂರು ಪಟ್ಟು ದೂರ ಅಷ್ಟೇ. ಅದೇ ಕಾರಿನ ಆಂಟೆನಾವನ್ನ ಮೊದಲಿಗಿಂತ ನಾಲ್ಕು ಪಟ್ಟು ಎತ್ತರಕ್ಕೆ ಏರಿಸಿದರೆ ದೂರ ಎರಡು ಪಟ್ಟಾಗ್ತದೆ. ಅದಕ್ಕೆ ಒಂದು ಬಿದಿರಿನ ಕಡ್ಡಿ ಸಾಕು.

ಹಾಗಂತ ಪವರ್ ಹೆಚ್ಚಿಸೋದೇ ತಪ್ಪು ಅಂತಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ 'ಆಕಾಶವಾಣಿ' ಶುರುಮಾಡಿದಾಗ ಅವರ ಬಳಿ ಇದ್ದದ್ದು 30 ವ್ಯಾಟಿನ ಪ್ರಸಾರ ಯಂತ್ರ. ಒಂದು ಫ್ಯಾನ್ ತಿರುಗೋಕೆ ಬೇಕಾದಷ್ಟೂ ಇಲ್ಲ. ಆಮೇಲೆ 250 ವ್ಯಾಟಿನದನ್ನ ತರಿಸಿದರು. ಅವರು ಗಟ್ಟಿಯಾಗಿ ಕೂಗಲೇಬೇಕಿತ್ತು. ಯಾಕಂದ್ರೆ ಕೇಳೋರು ಯಾರು, ಎಲ್ಲಿ ಕೂತಿದ್ದಾರೆ, ಅವರ ರೇಡಿಯೋ ಎಂಥದ್ದು ಅನ್ನೋದು ಅವರ ಕೈಯಲ್ಲಿರಲಿಲ್ಲ. ಸಾವಿರ ಮನೆಯ ಕಿವಿ ರಿಪೇರಿ ಮಾಡೋದಕ್ಕಿಂತ ಒಂದು ಗಂಟಲು ದೊಡ್ಡದು ಮಾಡೋದು ಸುಲಭ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ನಮ್ಮ ಮನೆಗೆ ಕೇಳ್ತಿದ್ದದ್ದೂ ಹಾಗೇ. ಆದರೂ ಅಪ್ಪ ರೇಡಿಯೋವನ್ನ ಕಿಟಕಿಯಲ್ಲಿ ಒಂದು ದಿಕ್ಕಿಗೆ ತಿರುಗಿಸಿ ಇಡ್ತಿದ್ದ. ಸ್ವಲ್ಪ ಅಲುಗಿದರೂ ಗೊರಗೊರ. ಅದರೊಳಗಿನ ಫೆರೈಟ್ ಕಡ್ಡಿಗೆ ಒಂದು ದಿಕ್ಕಿನಿಂದ ಚೆನ್ನಾಗಿ ಕೇಳ್ತದೆ, ಇನ್ನೊಂದು ದಿಕ್ಕಿಗೆ ಅದು ಕಿವುಡು. ದೂರದರ್ಶನದ ಕಾಲದಲ್ಲಿ ಮಾಳಿಗೆ ಹತ್ತಿ ಆಂಟೆನಾ ತಿರುಗಿಸ್ತಾ "ಬಂತಾ? ಬಂತಾ?" ಅಂತ ಕೂಗಿದ ನಾವೆಲ್ಲ ಮಾಡಿದ್ದು ಇದೇ ಕೆಲಸ. 1926ರಲ್ಲಿ ಜಪಾನಿನ ಉದಾ ಮತ್ತು ಯಾಗಿ ಪ್ರಕಟಿಸಿದ ಆಂಟೆನಾ ಅದು.

ಆದರೆ ಒಬ್ಬ ಹೇಳೋನು, ಒಬ್ಬ ಕೇಳೋನು ಇರೋ ರಿಮೋಟ್ ಕಾರಿನಲ್ಲಿ ಎರಡೂ ತುದಿ ನಮ್ಮ ಕೈಯಲ್ಲೇ ಇವೆ. ಅಲ್ಲಿ ಕಿವಿ ಸರಿಮಾಡೋದೇ ಲಾಭ. ಇದನ್ನ ಅರ್ಥ ಮಾಡಿಕೊಳ್ಳೋಕೆ ನನಗೆ ಮೈಲಾರವೇ ಸಹಾಯ ಮಾಡಿತು.

ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕ ನೋಡಿದ್ದೀರಾ? ಭರತ ಹುಣ್ಣಿಮೆ ಆಸುಪಾಸಿನಲ್ಲಿ ಡೆಂಕನಮರಡಿಯಲ್ಲಿ ಲಕ್ಷಾಂತರ ಜನ ಸೇರ್ತಾರೆ. ಡಮರುಗ, ಏಳುಕೋಟಿ ಘೋಷ, ಪೀಪಿ, ಮಕ್ಕಳ ಅಳು, ಪಕ್ಕದಲ್ಲಿದ್ದವನ ಮಾತೂ ಕೇಳಲ್ಲ. ಉಪವಾಸ ಇದ್ದ ಗೊರವಯ್ಯ ಎತ್ತರದ ಬಿಲ್ಲನ್ನ ಏರ್ತಾನೆ. ಮೇಲೆ ನಿಂತು "ಸದ್ದಲೇ" ಅಂತಾನೆ. ಅಷ್ಟೂ ಜನ ಗಪ್ ಚುಪ್. ಆಮೇಲೆ ಬಾಯಿಂದ ಬರೋದು ಒಂದೇ ಒಂದು ವಾಕ್ಯ. ಹೇಳಿ ಹಿಂದಕ್ಕೆ ಬೀಳ್ತಾನೆ, ಕೆಳಗಿದ್ದವರು ಹಿಡಿದುಕೊಳ್ತಾರೆ. ಆ ವಾಕ್ಯ ಬಾಯಿಂದ ಬಾಯಿಗೆ ಊರೂರು ತಲುಪ್ತದೆ. ಮಳೆ ಬೆಳೆಯ ಬಗ್ಗೆ ಏನು ಹೇಳಿತು ಅಂತ ನಮ್ಮ ಮನೆಯಲ್ಲಿ ವರ್ಷವಿಡೀ ಅದರ ಮಾತೇ. ನಂಬಿಕೆಯ ವಿಷಯ ನಂಬೋರಿಗೆ ಬಿಡ್ತೀನಿ. ನಾನು ನೋಡಿದ್ದು ವ್ಯವಸ್ಥೆಯನ್ನ. ಮೊದಲು ಎತ್ತರ. ಆಮೇಲೆ ಸದ್ದು ಅಡಗಿಸೋದು. ಆಮೇಲೆ ಚಿಕ್ಕ ಮಾತು. ಕೊನೆಗೆ ಅದನ್ನ ದಾಟಿಸೋ ಜನ.

ರೇಡಿಯೋದ ಚರಿತ್ರೆಯಲ್ಲೂ ಈ ನಾಲ್ಕೇ ಪಾಠ ಮತ್ತೆ ಮತ್ತೆ ಬರ್ತವೆ. ಎತ್ತರದ್ದು ಮಾರ್ಕೋನಿಯಲ್ಲಿ ನೋಡಿದ್ವಿ. ಚಿಕ್ಕ ಮಾತು ಟೊರೆಸ್‌ನ ಯಂತ್ರದಲ್ಲೇ ಇತ್ತು. ಒಂದು ಟಕ್, ಎರಡು ಟಕ್, ಮೂರು ಟಕ್, ಎಣಿಕೆ ಮೇಲೆ ದೋಣಿ ಎಡಕ್ಕೋ ಬಲಕ್ಕೋ ತಿರುಗೋದು. 1977ರಲ್ಲಿ ಹೊರಟ ವಾಯೇಜರ್-1 ನೌಕೆ ಇವತ್ತು 2,400 ಕೋಟಿ ಕಿಲೋಮೀಟರಿಗೂ ಆಚೆ ಇದೆ. ಅದರ ಪ್ರಸಾರ ಯಂತ್ರ ಸುಮಾರು 23 ವ್ಯಾಟ್, ನಿಮ್ಮ ಮನೆಯ ಎಲ್ಇಡಿ ಟ್ಯೂಬ್‌ಲೈಟಿನಷ್ಟು. ಆದರೂ ಕೇಳ್ತದೆ. ಭೂಮಿಯಲ್ಲಿ ಬೃಹತ್ ಕಿವಿಗಳಿವೆ, ಜೊತೆಗೆ ಅದು ಮಾತಾಡೋದು ಸೆಕೆಂಡಿಗೆ 160 ಬಿಟ್ ಮಾತ್ರ. ನಮ್ಮ ಪುಟ್ಟ ಎನ್‌ಆರ್‌ಎಫ್24 ಪ್ಲಸ್ ಮಾಡ್ಯೂಲಿಗೂ ಇದೇ ನಿಯಮ. ಸೆಕೆಂಡಿಗೆ 2 ಮೆಗಾಬಿಟ್ ವೇಗದಿಂದ 250 ಕಿಲೋಬಿಟ್‌ಗೆ ಇಳಿಸಿದರೆ ಅದರ ಕಿವಿ 12 ಡೆಸಿಬಲ್ ಚುರುಕಾಗ್ತದೆ. ಪವರ್ ಹದಿನಾರು ಪಟ್ಟು ಮಾಡಿದ್ದಕ್ಕೆ ಅದು ಸಮ. ಖರ್ಚು, ಕೋಡಿನಲ್ಲಿ ಒಂದು ಸಾಲು. ಕಾರಿಗೆ ಹೇಳಬೇಕಾದ್ದು "ಮುಂದೆ, ಹಿಂದೆ, ಎಡ, ಬಲ" ಅಷ್ಟೇ. ಅದಕ್ಕೆ ಸಿನಿಮಾ ಕಳಿಸೋ ವೇಗ ಯಾಕೆ?

ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬಂದರೆ? ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಹಾಲಿವುಡ್ ನಟಿ ಹೆಡಿ ಲಾಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ ಇದಕ್ಕೊಂದು ಉಪಾಯ ಹುಡುಕಿದರು. ರೇಡಿಯೋದಿಂದ ನಡೆಸೋ ಟಾರ್ಪೆಡೊವನ್ನ ಶತ್ರು ಗದ್ದಲ ಎಬ್ಬಿಸಿ ದಾರಿ ತಪ್ಪಿಸಬಾರದು ಅಂತ, ಹೇಳೋನೂ ಕೇಳೋನೂ ಒಟ್ಟಿಗೇ ಒಂದು ಫ್ರೀಕ್ವೆನ್ಸಿಯಿಂದ ಇನ್ನೊಂದಕ್ಕೆ ಜಿಗೀತಾ ಹೋಗೋ ವಿಧಾನ ಅದು. 1942ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತು ಅಂಗಡಿಯಲ್ಲಿ ಸಿಗೋ ಒಳ್ಳೇ ಆರ್‌ಸಿ ಕಾರುಗಳ ರಿಮೋಟು ಮಾಡೋದೂ ಇದನ್ನೇ. ನಮ್ಮ ದೇಶದಲ್ಲಿ 2005ರಿಂದ 2.4 ಗಿಗಾಹರ್ಟ್ಜ್ ಪಟ್ಟಿಯಲ್ಲಿ ಕಡಿಮೆ ಪವರಿನ ಉಪಕರಣಕ್ಕೆ ಲೈಸೆನ್ಸ್ ಬೇಡ. ಹಾಗಾಗಿ ವೈಫೈ, ಬ್ಲೂಟೂತ್, ಆಟಿಕೆ ಎಲ್ಲವೂ ಅದೇ ಸಂತೆಯಲ್ಲಿ. 1933ರ ವೈರ್‌ಲೆಸ್ ಕಾಯ್ದೆಯ ಪ್ರಕಾರ ಮನೆಯ ರೇಡಿಯೋಗೂ ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸ್ತಿದ್ದ ತಲೆಮಾರಿಗೆ, ಹನ್ನೆರಡರ ಹುಡುಗ ಕಣದಲ್ಲಿ ಪ್ರಸಾರ ಯಂತ್ರ ಇಟ್ಟುಕೊಂಡು ಆಡೋದು ನಂಬೋ ವಿಷಯವೇ ಅಲ್ಲ.

ಇನ್ನು ಸದ್ದಡಗಿಸೋದು ಮತ್ತು ದಾಟಿಸೋದು. ಇವೆರಡಕ್ಕೆ ಕರ್ನಾಟಕದಲ್ಲೇ ಒಂದು ಊರಿದೆ, ಬ್ಯಾಲಾಳು. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್. ಚಂದ್ರಯಾನ-1ರ ಹೊತ್ತಿಗೆ, 2008ರಲ್ಲಿ, ಇಸ್ರೋ ಅಲ್ಲಿ 18 ಮೀಟರ್ ಮತ್ತು 32 ಮೀಟರ್ ಅಗಲದ ಎರಡು ಆಂಟೆನಾ ನಿಲ್ಲಿಸಿತು. ಆ ಜಾಗ ತಟ್ಟೆಯ ಹಾಗೆ ತಗ್ಗು, ಸುತ್ತ ಗುಡ್ಡ. ಬೆಂಗಳೂರಿನ ಮೊಬೈಲು, ಟಿವಿ, ಮೋಟಾರುಗಳ ರೇಡಿಯೋ ಗದ್ದಲವನ್ನ ಆ ಗುಡ್ಡಗಳು ತಡೀತವೆ. ಇಡೀ ಬೆಟ್ಟಸಾಲಿಗೆ ನಿಂತು "ಸದ್ದಲೇ" ಅನ್ನೋ ಕೆಲಸ ಕೊಟ್ಟ ಹಾಗೆ.

2023ರ ಆಗಸ್ಟ್ 23ರಂದು ವಿಕ್ರಮ್ ಚಂದ್ರನ ಮೇಲೆ ಇಳಿದ ಮೇಲೆ, ಅದರ ಹೊಟ್ಟೆಯಿಂದ ಆರು ಗಾಲಿಯ, 26 ಕಿಲೋ ತೂಕದ ಪ್ರಗ್ಯಾನ್ ಇಳೀತು. ಅದೂ ರಿಮೋಟ್ ಕಾರೇ. ರಿಮೋಟ್ ಇದ್ದದ್ದು ಬೆಂಗಳೂರಿನ ಇಸ್ಟ್ರಾಕ್‌ನಲ್ಲಿ, ಕಾರು ಸುಮಾರು 3,84,000 ಕಿಲೋಮೀಟರ್ ಆಚೆ. ಪ್ರಗ್ಯಾನ್‌ಗೆ ಭೂಮಿಯ ಜೊತೆ ನೇರವಾಗಿ ಮಾತಾಡೋಕೆ ಬರ್ತಿರಲಿಲ್ಲ. ಪಕ್ಕದಲ್ಲೇ ನಿಂತ ವಿಕ್ರಮ್‌ಗೆ ಹೇಳೋದು, ವಿಕ್ರಮ್ ಭೂಮಿಗೆ ದಾಟಿಸೋದು. ಹೀಗಾಗಿ ಆ ಪುಟ್ಟ ಗಾಡಿಗೆ ಬೇಕಾಗಿದ್ದ ಕೂಗಳತೆ ಬರೀ ವಿಕ್ರಮ್‌ವರೆಗೆ. ಆಗಸ್ಟ್ 27ರಂದು ಅದರ ಮುಂದೆ ಮೂರು ಮೀಟರ್ ದೂರದಲ್ಲಿ ನಾಲ್ಕು ಮೀಟರ್ ಅಗಲದ ಗುಂಡಿ ಕಾಣಿಸಿತು. ಬಂದ ದಾರಿಯಲ್ಲೇ ತಿರುಗು ಅಂತ ಇಲ್ಲಿಂದ ಹೇಳಿದರು, ತಿರುಗಿತು. ಒಟ್ಟು ಅದು ಓಡಿದ್ದು ನೂರು ಮೀಟರಿಗೆ ಸ್ವಲ್ಪ ಹೆಚ್ಚು. ನಮ್ಮ ಕಣದ ಉದ್ದಕ್ಕಿಂತ ಬಹಳೇನಿಲ್ಲ!

ಯುಗಾದಿಗೆ ಮತ್ತೆ ಊರಿಗೆ ಹೋದೆ. ಈ ಸಲ ಹೊಸ ಮಾಡ್ಯೂಲ್ ಒಯ್ಯಲಿಲ್ಲ. ಹತ್ತು ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರು, 104 ಅಂತ ಬರೆದ ನಾಲ್ಕು ಸಣ್ಣ ಕೆಪಾಸಿಟರು ಒಯ್ದೆ. ಮೊದಲು ಸದ್ದಡಗಿಸಿದ್ವಿ. ಮೋಟಾರಿನ ಬ್ರಷ್ಷುಗಳಿಂದ ಹಾರೋ ಕಿಡಿ ಅಂದ್ರೆ ಪುಟ್ಟ ಪುಟ್ಟ ಮಿಂಚು, ಟೆಸ್ಲಾನ ಕಾಲದ ಅದೇ ಕಾಟ. ನಾಲ್ಕೂ ಮೋಟಾರಿನ ಎರಡು ಕಾಲಿಗೆ ಅಡ್ಡವಾಗಿ 104 ಬೆಸುಗೆ ಹಾಕಿದ್ವಿ. ಮೋಟಾರಿಗೇ ಬೇರೆ ಬ್ಯಾಟರಿ ಕೊಟ್ಟು, ವೈರ್‌ಲೆಸ್ ಮಾಡ್ಯೂಲಿನ ಕರೆಂಟಿನ ಕಾಲುಗಳಿಗೆ ದೊಡ್ಡ ಕೆಪಾಸಿಟರ್ ಹಾಕಿದ್ವಿ. ಪವರ್ ಜಾಸ್ತಿ ಇದ್ದ ಮಾಡ್ಯೂಲು ಸೋತದ್ದು ಯಾಕೆ ಅಂತ ಆಗ ತಿಳೀತು. ಅದು ಕೇಳೋಷ್ಟು ಕರೆಂಟನ್ನ ಆರ್ಡುಯಿನೋದ 3.3 ವೋಲ್ಟಿನ ಕಾಲು ಕೊಡೋಕಾಗಲ್ಲ. ಹೊಟ್ಟೆಗಿಲ್ಲದೆ ಕೂಗೋಕೆ ಹೋಗಿ ದನಿಯೇ ಬಿದ್ದುಹೋಗಿತ್ತು. ಹಳೇ ಮಾಡ್ಯೂಲನ್ನೇ ಬಿದಿರು ಕಡ್ಡಿ ತುದಿಗೆ ಕಟ್ಟಿ, ವೇಗ 250 ಕಿಲೋಬಿಟ್‌ಗೆ ಇಳಿಸಿ, ರಿಮೋಟನ್ನ ತಲೆ ಮೇಲೆ ಎತ್ತಿ ಹಿಡಿ ಅಂದೆ.

ಕಾರು ಕಣ ದಾಟಿತು. ರಸ್ತೆ ಪಕ್ಕದ ಹುಣಸೆ ಮರದ ತನಕ ಹೋಯ್ತು. ಹುಡುಗ ಎಣಿಸಿದ್ದು ನೂರಾ ಹತ್ತು ಹೆಜ್ಜೆ.

"ಅಜ್ಜನ ಹೊಲ ಇನ್ನೂ ದೂರ ಐತಿ ಮಾಮ."

ಹೌದು. ಅದಕ್ಕೆ ಬೇರೆ ಮಾಡ್ಯೂಲ್ ಬೇಕಿತ್ತು. 866 ಮೆಗಾಹರ್ಟ್ಜ್‌ನಲ್ಲಿ ತೀರಾ ನಿಧಾನಕ್ಕೆ ಮಾತಾಡೋ ಲೋರಾ ಅನ್ನೋ ಮಾಡ್ಯೂಲು. ಅದಕ್ಕೆ ಎಂಟೂವರೆ ಸೆಂಟಿಮೀಟರ್ ತಂತಿಯೇ ಆಂಟೆನಾ. ಒಂದು ಪಂಪ್ ಮನೆಯ ಕಂಬದ ಮೇಲೆ, ಇನ್ನೊಂದು ನಮ್ಮ ಮಾಳಿಗೆಯ ನೀರಿನ ಟ್ಯಾಂಕಿನ ಮೇಲೆ. ಮೋಟಾರ್ ಚಾಲೂ ಮಾಡೋ ಸಾಹಸಕ್ಕೆ ಹೋಗಲಿಲ್ಲ, ತ್ರೀ ಫೇಸ್ ಹುಡುಗಾಟಕ್ಕಲ್ಲ. ಅದು ಹೇಳಬೇಕಾದ್ದು ಒಂದೇ ಮಾತು, ಕರೆಂಟು ಬಂತು. ಬಂದರೆ ಅಪ್ಪನ ಮಂಚದ ಮೇಲಿನ ಕೆಂಪು ಬಲ್ಬ್ ಹತ್ತಬೇಕು.

ಆ ರಾತ್ರಿ ಒಂದೂವರೆಗೆ ಹತ್ತಿತು. ಹುಡುಗ ನಿದ್ದೆ ಮಾಡದೇ ಕಾಯ್ತಿದ್ದ. ಅಪ್ಪ ಎದ್ದು ಬಲ್ಬ್ ನೋಡಿದ, ಮೊಮ್ಮಗನ ಮುಖ ನೋಡಿದ. ಆಮೇಲೆ ಟಾರ್ಚ್ ತಗೊಂಡು, ಕೋಲು ಹಿಡಿದು ಹೊಲಕ್ಕೆ ಹೊರಟ.

ಆ ರಾತ್ರಿ ಅವನು ಹೋದದ್ದು ಅದೊಂದೇ ಸಲ.